ಭಾಗ 6: ಫೋಲ್ಡರ್ ಎಲ್ಲೋಯ್ತು?

ನಾನು ಸಂಜೆ ಕೆಲಸಕ್ಕೆ ಹೋಗೋ ಆಡಿಟರ್ ಆಫೀಸಲ್ಲಿ 19ನೇ ತಾರೀಖು ಟ್ಯಾಲಿ ಫೋಲ್ಡರ್ ಮಾಯ! ಮಾರನೇ ದಿನವೇ ಜಿಎಸ್‌ಟಿಆರ್-3ಬಿಗೆ ಕೊನೆ ದಿನ. "ನಿನ್ನೆ ಲಾಸ್ಟ್ ಹೋದೋನು ನೀನೇ ಅಲ್ವೇನೋ?" ಅಂದ್ರು ಸರ್. ಡಿಲೀಟ್ ಮಾಡ್ಬಿಟ್ನಾ ಅಂತ ನನಗೇ ಡೌಟು. ಕೈ ನಡುಗ್ತಿತ್ತು.

ನೋಡಿದ್ರೆ, ಮಧ್ಯಾಹ್ನ ಮಹಡಿಗೆ ಹೊಸ ರೂಟರ್ ಹಾಕಿದಾರೆ. ಕೆಳಗಿನ ಸರ್ವರ್ 192.168.1.10, ನನ್ನ ಸಿಸ್ಟಮ್ 192.168.0.5. ನೆಟ್‌ವರ್ಕೇ ಬೇರೆ. ವಿಂಡೋಸ್ "ಯಾರ್ಯಾರಿದೀರಾ?" ಅಂತ ಕೂಗೋದು ರೂಟರ್ ದಾಟಲ್ಲ ಕಣ್ರೋ, ಅದಕ್ಕೇ ಲಿಸ್ಟಲ್ಲಿ ಸರ್ವರ್ ಹೆಸರಿಲ್ಲ. ಆದ್ರೆ ಹೊಸ ರೂಟರ್‌ಗೆ ವೈರ್ ಬಂದಿರೋದು ಕೆಳಗಿನದರಿಂದ್ಲೇ. ರನ್ ಬಾಕ್ಸಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಸರ್ವರ್ ಐಪಿ ಹೊಡೆದೆ. ಪಾಸ್‌ವರ್ಡ್ ಕೇಳ್ತು. ಫೋಲ್ಡರ್ ಅಲ್ಲೇ ಇತ್ತು! (ಕೆಳಗಿಂದ ಮೇಲಕ್ಕೆ ಮಾತ್ರ ಹೀಗೆ ಬರಕ್ಕಾಗಲ್ಲ, ಹೊಸ ರೂಟರ್ ಬಿಡಲ್ಲ.)

"ಸರಿ, ಎಂಟ್ರಿ ಶುರು ಮಾಡು" ಅಂದ್ರು ಸರ್. ಅಷ್ಟೇ. ಸಾರಿ ಗೀರಿ ಏನೂ ಇಲ್ಲ.