ಪ್ಲೇಟ್‌ಲೆಟ್ ಎಲ್ಲಿ?

ಅಪ್ಪ ತಾಲ್ಲೂಕು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಗಾಜಿನ ಪಟ್ಟಿಗೆ ಸವರಿದ ರಕ್ತಕ್ಕೆ ಲೀಶ್ಮನ್ ಬಣ್ಣ ಹಾಕಿ, ತೊಳೆದು, ಒಣಗಿದ ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆಂದರೆ ಆಮೇಲೆ ಆಡುತ್ತಿದ್ದದ್ದು ಅವರ ಬಲಗೈ ಬೆರಳು ಮಾತ್ರ. ಒಂದೊಂದು ಜಾತಿಯ ಬಿಳಿ ರಕ್ತಕಣಕ್ಕೆ ಒಂದೊಂದು ಕೀಲಿ. ಟಕ್, ಟಕ್. ನೂರು ತುಂಬಿದಾಗ ಕೌಂಟರ್ ಟಿಣ್ ಎನ್ನುತ್ತಿತ್ತು.

ಈಗ ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಾ ಆ ಕೆಲಸವನ್ನೇ ಕಂಪ್ಯೂಟರಿಗೆ ಕಲಿಸುತ್ತಿದ್ದೇನೆ. ಅಪ್ಪ ಕಣದ ಆಕಾರ ನೋಡುತ್ತಿದ್ದರು. ನಾನು ಅದರೊಳಗೆ ಯಾವ ಜೀನಿನ ಆರ್‌ಎನ್‌ಎ ಎಷ್ಟಿದೆ ಎಂದು ನೋಡುತ್ತೇನೆ. ಎಣ್ಣೆಯಲ್ಲಿ ತೇಲುವ ಒಂದೊಂದು ನೀರಹನಿಯೊಳಗೆ ಒಂದೊಂದು ಕೋಶವನ್ನು ಹಿಡಿದು, ಅದರ ಆರ್‌ಎನ್‌ಎಗೆಲ್ಲ ಆ ಹನಿಯದೇ ಗುರುತು ಅಂಟಿಸುತ್ತಾರೆ. ಹೊಸಬರು ಕೈ ಪಳಗಿಸಿಕೊಳ್ಳುವುದು ಆರೋಗ್ಯವಂತ ದಾನಿಯೊಬ್ಬರ ರಕ್ತದ 2,700 ಕೋಶಗಳ ಮೇಲೆ. 32,738 ಜೀನುಗಳ ಪಟ್ಟಿ; ಪ್ರತಿ ಕೋಶಕ್ಕೂ ಜೀನಿಗೊಂದು ಮನೆ, ನೂರರಲ್ಲಿ 97 ಮನೆ ಸೊನ್ನೆ. ಜೀನ್ ನಿಜಕ್ಕೂ ಸುಮ್ಮನಿತ್ತೋ, ಇದ್ದ ಚೂರು ಆರ್‌ಎನ್‌ಎ ನಮ್ಮ ಕೈಗೆ ಸಿಗದೇ ಹೋಯಿತೋ, ಸೊನ್ನೆ ಬಾಯಿಬಿಡುವುದಿಲ್ಲ. ಈ ಅನುಮಾನದ ಜೊತೆಗೇ ನನ್ನ ದಿನಗಳು ಕಳೆಯುತ್ತವೆ.

ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನಿಗೆ ಲ್ಯಾಪ್‌ಟಾಪಿನಲ್ಲಿ ಚಿತ್ರ ತೋರಿಸಿದೆ. ಟಿ ಕೋಶ, ಬಿ ಕೋಶ, ಮೊನೊಸೈಟ್, ಬಣ್ಣಬಣ್ಣದ ದ್ವೀಪಗಳು. ಅವರು ಕನ್ನಡಕ ಸರಿಮಾಡಿಕೊಂಡರು.

"ನ್ಯೂಟ್ರೋಫಿಲ್ ಇಲ್ವಲ್ಲ?"

"ಅವನ್ನ ಮೊದಲೇ ಬೇರೆ ಮಾಡಿರ್ತಾರಪ್ಪ."

"ಸರಿ. ಪ್ಲೇಟ್‌ಲೆಟ್ ಎಲ್ಲಿ?"

ಉತ್ತರ ಹೊಳೆಯಲಿಲ್ಲ. ಕೋಡ್ ತೆರೆದು ಹುಡುಕಿದೆ. ಐನೂರಕ್ಕಿಂತ ಕಡಿಮೆ ಜೀನ್ ಕಂಡದ್ದೆಲ್ಲ ಕಸ ಎಂದು ನಾನೇ ಒಂದು ಸಾಲು ಬರೆದಿದ್ದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವೇ ಇಲ್ಲ. ಅದರಲ್ಲಿ ಸಿಗುವ ಜೀನುಗಳೇ ಕಮ್ಮಿ. ಡೆಂಗಿಯ ಮಳೆಗಾಲದಲ್ಲಿ ಅಪ್ಪ ರಾತ್ರಿ ಹನ್ನೊಂದರವರೆಗೂ ಎಣಿಸುತ್ತಿದ್ದದ್ದು ಅವನ್ನೇ, ಹೊರಗೆ ಬೆಂಚಿನ ಮೇಲೆ ಯಾರದೋ ತಾಯಿ ಸೆರಗು ಹಿಂಡುತ್ತಾ ಕಾಯುತ್ತಿರುವಾಗ. ನಾನು ಎಸೆದದ್ದನ್ನು ಯಂತ್ರ ಎಂದೂ ಕಲಿಯಲಾರದು. ಅಂಥದ್ದೊಂದು ಇತ್ತು ಎಂಬುದೂ ಅದಕ್ಕೆ ತಿಳಿಯದು. ಕಮ್ಮಿ ಇದ್ದದ್ದೆಲ್ಲ ಕಸವಲ್ಲ: 2018ರಲ್ಲಿ ಶ್ವಾಸನಾಳದ ಒಳಪದರದಲ್ಲಿ ಪತ್ತೆಯಾದ ಅಯಾನೊಸೈಟ್ ಕೋಶಗಳೂ ನೂರಕ್ಕೆ ಒಂದರಷ್ಟೇ. ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಗೆ ಕಾರಣವಾದ ಜೀನ್ ಅವುಗಳಲ್ಲೇ ಅತಿ ಚುರುಕು.

ಮಿತಿಯನ್ನು ಇನ್ನೂರಕ್ಕಿಳಿಸಿ ಮತ್ತೆ ಓಡಿಸಿದೆ. ಪರದೆಯ ಅಂಚಿನಲ್ಲಿ, ಉಳಿದ ದ್ವೀಪಗಳಿಂದ ದೂರದಲ್ಲಿ, ಹತ್ತು ಹದಿನೈದು ಚುಕ್ಕೆಗಳ ಪುಟ್ಟ ಗುಂಪು ಮೂಡಿತು. ಪ್ಲೇಟ್‌ಲೆಟ್‌ನ ಗುರುತಾದ ಪಿಪಿಬಿಪಿ ಜೀನಿಗೆ ಬಣ್ಣ ಕೊಟ್ಟು ನೋಡಿದರೆ ಆ ಗುಂಪೇ ಎದ್ದು ಕಂಡಿತು.

ಅಪ್ಪ ಪರದೆಯ ಮೇಲೆ ಬೆರಳಿಟ್ಟು ಒಂದೊಂದನ್ನೇ ಎಣಿಸತೊಡಗಿದರು.