ಬೇರೆಯಾದ ತಟ್ಟೆ

ರೋಗಿಗಳ ಭೇಟಿಗೆಂದು ಹೋದ ಒಂದು ಮನೆಯಲ್ಲಿ ತಾಯಿಯೊಬ್ಬರ ತಟ್ಟೆ, ಲೋಟಗಳನ್ನು ಬೇರೆಯಾಗಿ ಇಟ್ಟಿದ್ದರು. ಅವರಿಗೆ ಹೆಪಟೈಟಿಸ್ ಸಿ. 'ಇವರಿಗೆ ಇದು ಹೇಗೆ ಬಂತು?' ಎಂಬ ಸಂಶಯ ನನ್ನ ಮನದಲ್ಲೂ ಸುಳಿಯಿತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಅನಂತರ ಓದಿ ತಿಳಿದೆ. ಈ ವೈರಾಣುವಿನಲ್ಲಿ 8 ಪ್ರಭೇದಗಳಿವೆ; ಭಾರತದಲ್ಲಿ 3ನೆಯದು ಹೆಚ್ಚು, ಈಜಿಪ್ಟಿನಲ್ಲಿ 4ನೆಯದು. ಅಲ್ಲಿ ಅದು ವ್ಯಾಪಕವಾಗಿ ಹರಡಿದ್ದು, ಮತ್ತೊಂದು ರೋಗವನ್ನು ನೀಗಲೆಂದು ದಶಕಗಳ ಕಾಲ ನೀಡಿದ ಚುಚ್ಚುಮದ್ದಿನ ಸರಿಯಾಗಿ ಶುದ್ಧಗೊಳ್ಳದ ಸೂಜಿಗಳಿಂದ! ಗುಣಪಡಿಸಲು ಚಾಚಿದ ಕೈಯೇ ರೋಗವನ್ನೂ ಹಂಚಿತ್ತು. ಈ ತಾಯಿಗೂ 1986ರ ಹೆರಿಗೆಯಲ್ಲಿ ರಕ್ತ ಕೊಟ್ಟಿದ್ದರು. ವೈರಾಣು ಪತ್ತೆಯಾದದ್ದೇ 1989ರಲ್ಲಿ.

ಜೊತೆಯಲ್ಲಿ ಉಂಡರೆ ಇದು ಹರಡದು. ಸುಮಾರು 12 ವಾರಗಳ ಮಾತ್ರೆಗಳಿಂದ ಬಹುತೇಕರು ಗುಣಮುಖರಾಗುತ್ತಾರೆ. ಮುಂದಿನ ಭೇಟಿಯಲ್ಲಿ ಅವರ ಪಕ್ಕದಲ್ಲೇ ಕುಳಿತು ಉಂಡೆ. ನಿಮ್ಮ ಮನೆಯಲ್ಲಿ ಯಾರ ತಟ್ಟೆಯಾದರೂ ಬೇರೆಯಾಗಿದೆಯೇ?