ನಲವತ್ತರಲ್ಲಿ ಧಾರವಾಡದ ದಾರಿ

ಬೆಂಗಳೂರಿನಿಂದ ಧಾರವಾಡಕ್ಕೆ 2023ರಿಂದ ವಂದೇ ಭಾರತ್ ಓಡುತ್ತಿದೆ. ದಾವಣಗೆರೆ ಹಿಂದೆ ಬಿದ್ದು ಹುಬ್ಬಳ್ಳಿ ಹತ್ತಿರವಾದಂತೆ ಕಿಟಕಿಯಾಚೆ ಎರೆಮಣ್ಣು ಕಾಣತೊಡಗುತ್ತದೆ. ನೌಕರಿಯ ನಡುವೆ ಮತ್ತೆ ಓದಲು ಹೊರಟವರು ಸಾಮಾನ್ಯವಾಗಿ ವಿಷಯ, ವಿಭಾಗ, ಮಾರ್ಗದರ್ಶಕರು ಇಷ್ಟನ್ನೇ ವಿಚಾರಿಸುತ್ತಾರೆ. ಊರು ಎಂಥದ್ದು ಎಂಬುದನ್ನು ರೈಲು ಹತ್ತುವಾಗ ಯೋಚಿಸುತ್ತಾರೆ. ನನ್ನ ಮಟ್ಟಿಗೆ ಊರನ್ನೇ ಮೊದಲು ನೋಡಬೇಕು. ಇಪ್ಪತ್ತರ ಹರೆಯದವರನ್ನು ಹಾಸ್ಟೆಲ್ಲು, ಗೆಳೆಯರ ಗುಂಪು ಎಲ್ಲಿದ್ದರೂ ಸಾಕಿಬಿಡುತ್ತವೆ. ನಲವತ್ತು ದಾಟಿದವರಿಗೆ ಆ ಆಸರೆಯಿಲ್ಲ. ಕ್ಲಾಸು ಮುಗಿದ ಮೇಲೆ ಅವರನ್ನು ಓದಿನಲ್ಲಿ ಹಿಡಿದಿಡಬೇಕಾದದ್ದು ಊರೇ.

ಧಾರವಾಡ ಆ ಕೆಲಸಕ್ಕೆ ಪಳಗಿದ ಊರು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಆರಂಭವಾಗಿ ಮರುವರ್ಷ ಇಲ್ಲಿಗೆ ಬಂತು. ಅಷ್ಟರಲ್ಲಾಗಲೇ 1890ರ ವಿದ್ಯಾವರ್ಧಕ ಸಂಘ, 1917ರ ಕರ್ನಾಟಕ ಕಾಲೇಜು, 1933ರ ಮನೋಹರ ಗ್ರಂಥಮಾಲೆ ಊರಿನಲ್ಲಿ ಬೇರುಬಿಟ್ಟಿದ್ದವು. ಹೀಗಾಗಿ ಸಂಜೆಯ ಉಪನ್ಯಾಸಕ್ಕೆ ಹೋಗಲು ಇಲ್ಲಿ ವಿದ್ಯಾರ್ಥಿಯೇ ಆಗಿರಬೇಕಿಲ್ಲ. ಪಿಂಚಣಿದಾರರು, ಮಾಸ್ತರರು, ವಕೀಲರು ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಸಪ್ತಾಪುರದ ಕಡೆ ಹೊರಳಿದರೆ ಇನ್ನೊಂದು ಧಾರವಾಡ: ಕೋಚಿಂಗ್ ಸೆಂಟರುಗಳು, ತಿಂಗಳ ಲೆಕ್ಕದಲ್ಲಿ ಕುರ್ಚಿ ಬಾಡಿಗೆಗೆ ಕೊಡುವ ರೀಡಿಂಗ್ ರೂಮುಗಳು, ರೊಟ್ಟಿ-ಪಲ್ಯದ ಖಾನಾವಳಿಗಳು. ರಾಜ್ಯ ಸರ್ಕಾರದ ನೌಕರಿಗಳಿಗೆ ವಯೋಮಿತಿ ಬಹುಕಾಲ ವರ್ಗಕ್ಕನುಗುಣವಾಗಿ 35ರಿಂದ 40ರವರೆಗೆ ಇದ್ದದ್ದರಿಂದ, ಮೀಸೆ ನರೆತವನು ನೋಟ್ಸ್ ಹಿಡಿದು ಹೊರಟರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಆ ಗದ್ದಲ ವಿದ್ವತ್ತಿಗೆ ಒದಗುತ್ತದೆಂದು ನಾನು ಹೇಳಲಾರೆ. ಆದರೆ ನಡುವಯಸ್ಸಿನ ಓದುಗನ ಸಂಕೋಚವನ್ನಂತೂ ಅದು ಕಳೆಯುತ್ತದೆ.

ಆನ್‌ಲೈನ್ ಪಾಠ, ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇರುವಾಗ ಊರೇಕೆ ಬದಲಿಸಬೇಕು ಎಂದು ಕೇಳುವವರಿದ್ದಾರೆ. ಬಡ್ತಿಗಾಗಿ ಪದವಿ ಬೇಕಾದವರಿಗೆ ಅದೇ ಸರಿ. ಎರಡು ಸಂಸಾರದ ಖರ್ಚು, ಮಕ್ಕಳ ಶಾಲೆ ಹುಡುಗಾಟದ ಮಾತಲ್ಲ. ಆದರೆ ಸಂಶೋಧನೆಯ ದಾರಿ ಬೇರೆ. ಮನೆಯಲ್ಲೇ ಕೂತವನ ಹೊತ್ತನ್ನು ಆಫೀಸಿನ ಫೋನು, ನೆಂಟರ ಮದುವೆ ತಿಂದುಹಾಕುತ್ತವೆ; ಅಧ್ಯಾಯ ಮುಂದಿನ ತಿಂಗಳಿಗೆ ಜಾರುತ್ತದೆ. ಪೂರ್ತಿ ರಜೆ ಯಾರು ಕೊಡುತ್ತಾರೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಯುಜಿಸಿಯ 2022ರ ನಿಯಮ ಅರೆಕಾಲಿಕ ಪಿಎಚ್‌ಡಿಗೆ ಅವಕಾಶ ಕೊಟ್ಟಿದೆ. ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಮುಗಿಸಬೇಕು. ಸಾಮಾನ್ಯ ಅವಧಿ 3ರಿಂದ 6 ವರ್ಷ. ಊರು ಬದಲಿಸಲು ನಾನು ಹೇಳುವುದು ಕೋರ್ಸ್‌ವರ್ಕಿನ ಆ ತಿಂಗಳುಗಳ ಮಟ್ಟಿಗೆ ಮಾತ್ರ.

ಹೊರಡುವ ಮನಸ್ಸಿದ್ದವರು ಒಂದನ್ನು ಮರೆಯಬೇಡಿ. ಕಚೇರಿ ಕೊಡುವ ಎನ್‌ಒಸಿಯಲ್ಲಿ, ಕೋರ್ಸ್‌ವರ್ಕ್‌ಗೆ ಅಗತ್ಯ ಬಿದ್ದರೆ ಕೆಲಸದಿಂದ ಬಿಡುಗಡೆ ಮಾಡಲಾಗುವುದು ಎಂಬ ಮಾತೂ ಇರಬೇಕು. ಮನೆಗೆ ಅಡ್ವಾನ್ಸ್ ಕೊಡುವ ಮೊದಲೇ ಅದನ್ನು ಬರೆಸಿಕೊಳ್ಳಿ.